ಪುಸ್ತಕದಲ್ಲಿಲ್ಲದ ಸಂತ ಸೆರೋನಿಕಾ

ನಮ್ಮತ್ತೆ ತಿಪ್ಪವ್ವನ ಭಕ್ತಿಗೆ ನಮ್ಮ ಮನೆ ಇದುವರೆಗೆ ಒಂದು ಹೊಸ ಅಂಗಿ, ಒಂದು ಹಿತ್ತಾಳೆ ಕೊಡ ಮತ್ತು ಮೊಟ್ಟೆಯಿಡುವ ಒಂದು ಕೋಳಿಯನ್ನು ಕಳೆದುಕೊಂಡಿದೆ. ಮುದ್ದೇಬಿಹಾಳದಲ್ಲಿ ನಾವು ಕಥೋಲಿಕರು ಬೆರಳೆಣಿಕೆಯಷ್ಟು. ಫಾದರ್ ಪೂಜೆಗೆ ಬರುವುದು ಭಾನುವಾರ ಮಾತ್ರ. ಉಳಿದ ಆರು ದಿನ ನಮ್ಮ ಮನೆಗೆ ಅತ್ತೆಯೇ ಫಾದರ್, ಅತ್ತೆಯೇ ಪೋಪ್.

ಚರ್ಚಿನಿಂದ ವರ್ಷಕ್ಕೊಂದು ಪುಸ್ತಕ ಕೊಡುತ್ತಾರೆ. ದಿನಕ್ಕೊಂದು ಪುಟ. ಮೇಲೆ ಬೈಬಲಿನಿಂದ ಆ ದಿನದ ಶುಭಸಂದೇಶ, ಕೆಳಗೆ ಆ ದಿನದ ಸಂತರ ಕಥೆ. ಬೇರೆಯವರು ಓದಿ ಕೈಮುಗಿದು ಸುಮ್ಮನಾಗುತ್ತಾರೆ. ನಮ್ಮತ್ತೆಗೆ ಅದು ತಹಸೀಲ್ದಾರರ ಆದೇಶ, ಸಂಜೆಯೊಳಗೆ ಜಾರಿಯಾಗಬೇಕು. ಎರಡು ಅಂಗಿ ಇದ್ದವನು ಇಲ್ಲದವನಿಗೆ ಕೊಡಲಿ ಎಂದು ಬಂದ ದಿನ ನನ್ನ ಗಂಡ ಸಂಗಮೇಶನ ಅಂಗಿ ಹಾಲಿನ ಭೀಮುವಿನ ಪಾಲಾಯಿತು. ಆ ಭೀಮುವಿನ ಮನೆಯಲ್ಲಿ ನಮಗಿಂತ ಹೆಚ್ಚು ಅಂಗಿಗಳಿವೆ. ಕೇಳುವವರು ಯಾರು?

ಅತ್ತೆ ಹುಟ್ಟಿದ್ದು ಅಗರಖೇಡದಲ್ಲಿ. ಸಿಸ್ಟರುಗಳ ಹತ್ತಿರ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಮಗನನ್ನು ಬೆಳೆಸಿದರು. ಎರಡು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆ ಬಂತು. ಪುಸ್ತಕ ಓದಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ರೊಟ್ಟಿ ಬಡಿಯುವುದನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಡಿಸೆಂಬರಿನಲ್ಲಿ ಸಂತ ಲೂಸಿಯ ಹಬ್ಬ ಬಂತು. ಚಿತ್ರದಲ್ಲಿ ಆಕೆ ತನ್ನೆರಡು ಕಣ್ಣುಗಳನ್ನು ತಾಟಿನಲ್ಲಿಟ್ಟುಕೊಂಡು ನಿಂತಿರುತ್ತಾಳೆ. ನಾನು ಮೂರ್ಖಳ ಹಾಗೆ ಇದ್ದದ್ದನ್ನು ಇದ್ದಂತೆ ಓದಿಬಿಟ್ಟೆ. ಅಂದಿನಿಂದ ಆಪರೇಷನ್ ಮಾತು ತೆಗೆದರೆ ಒಂದೇ ಉತ್ತರ.

"ಆಕಿ ದೇವರಿಗಂತ ಎರಡೂ ಕಣ್ಣು ಕಿತ್ತು ತಾಟಿನಾಗ ಇಟ್ಟಾಳ. ನಾ ಇಷ್ಟ ಪೊರಿ ತಡಕೊಳ್ಳಾಕ ಆಗೂದಿಲ್ಲೇನು?"

ಜನವರಿಯಲ್ಲಿ ಒಂದು ದಿನ ಕಾದ ಹಂಚನ್ನು ಕಾಣದೆ ಅಂಗೈಯನ್ನೇ ಅದರ ಮೇಲೆ ಊರಿದರು. ಚರ್ಮ ಬಿಳಿಚಿ ಎದ್ದಿತ್ತು. ನಾನು ಮುಲಾಮು ಹಚ್ಚುತ್ತ ಅಳುತ್ತಿದ್ದರೆ ಅವರೇ ನನಗೆ ಸಮಾಧಾನ ಹೇಳಿದರು.

"ಸಂತ ಲಾರೆನ್ಸಪ್ಪನ್ನ ಇಡಿಯಾಗೇ ಸುಟ್ರು. ನಂದು ಬರೇ ಒಂದು ಕೈ."

ನನಗೆ ಸಿಟ್ಟು ನೆತ್ತಿಗೇರಿತು. ಈ ಸಂತರೆಲ್ಲ ಸೇರಿ ನಮ್ಮತ್ತೆಯನ್ನು ಕೊಲ್ಲುತ್ತಾರೆ ಅನಿಸಿತು. ಮರುವಾರ ನೇತ್ರ ಶಿಬಿರದವರು ಬರುವವರಿದ್ದರು. ಅಷ್ಟರಲ್ಲಿ ಇವರನ್ನು ಒಪ್ಪಿಸದಿದ್ದರೆ ಮುಂದೆ ಕೈಯಲ್ಲ, ಸೀರೆಗೇ ಬೆಂಕಿ. ಮರುದಿನ ಬೆಳಿಗ್ಗೆ ಪುಸ್ತಕ ತೆರೆದು, ಪುಟದಲ್ಲಿದ್ದ ಯಾರೋ ಮಠಾಧೀಶರನ್ನು ಪಕ್ಕಕ್ಕಿಟ್ಟು, ಬಾಯಿಗೆ ಬಂದದ್ದನ್ನು ಓದಿದೆ.

"ಇವತ್ತು ಸಂತ ಸೆರೋನಿಕಾಳ ಸ್ಮರಣೆ. ಈಕೆ ಇಟಲಿ ದೇಶದಲ್ಲಿ ರೊಟ್ಟಿ ಮಾಡಿ ಬಡವರಿಗೆ ಹಂಚುತ್ತಿದ್ದಳು. ಕಣ್ಣಿಗೆ ಪೊರೆ ಬಂದಾಗ ಔಷಧ ಬೇಡವೆಂದು ಹಟ ಹಿಡಿದಳು. ಮಾತೆ ಮರಿಯಮ್ಮನವರು ಕನಸಿನಲ್ಲಿ ಬಂದು, ಕಣ್ಣು ಕೊಟ್ಟವರು ನಾವು, ಕೆಡಿಸಿಕೊಳ್ಳಲು ನೀನು ಯಾರು, ನಡಿ ವೈದ್ಯರ ಬಳಿಗೆ ಎಂದು ಗದರಿದರು."

ಅತ್ತೆ ಪುಸ್ತಕದ ಕಡೆಗೆ ಮುಖ ತಿರುಗಿಸಿದರು.

"ಇಟಲಿಯಾಗ ರೊಟ್ಟಿ ಮಾಡ್ತಾರೇನು?"

"ಮಾಡ್ತಾರ್ರಿ ಅತ್ತಿ. ಗೋದಿವು."

"ಆ ಕಾಲದಾಗ ಆಪರೇಷನ್ ಇತ್ತೇನು?"

"ಸಂತರಿಗೆ ಇತ್ತ್ರಿ."

ಒಪ್ಪಿದರು. ಶಿಬಿರದವರು ವಿಜಯಪುರಕ್ಕೆ ಕಳಿಸಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನ ಕೈ ಹಿಡಿದು, "ಅಂಜಬ್ಯಾಡ, ಸೆರೋನಿಕಾ ನನ್ನ ಜೋಡಿ ಅದಾಳ" ಎಂದು ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಇಲ್ಲದವಳ ಕೈಗೆ ಅತ್ತೆಯನ್ನು ಒಪ್ಪಿಸಿ ಕಳಿಸಿದ್ದೆ. ಏನಾದರೂ ಹೆಚ್ಚುಕಡಿಮೆಯಾದರೆ ನಾನು ಯಾರ ಮುಖ ನೋಡಲಿ? ಇದ್ದಬದ್ದ ಸಂತರಿಗೆಲ್ಲ ಹರಕೆ ಹೊತ್ತೆ. ಗಾಬರಿಯಲ್ಲಿ ಸೆರೋನಿಕಾಳಿಗೂ ಹೊತ್ತೆ.

ಕಣ್ಣು ಚೆನ್ನಾಗಿ ಬಂತು. ಎರಡನೆಯದೂ ಆಯಿತು. ಆಗ ನನಗೆ ಹೊಸ ಚಿಂತೆ ಶುರುವಾಯಿತು. ಕಣ್ಣು ಬಂದ ಮೇಲೆ ಅತ್ತೆ ಮೊದಲು ಕೇಳುವುದು ಪುಸ್ತಕವನ್ನೇ. ಅದನ್ನು ನೀರೊಲೆಗೆ ಹಾಕಲೇ ಎಂದು ಎರಡು ಸಲ ಯೋಚಿಸಿದೆ. ಫಾದರ್ ಹತ್ತಿರ ಪಾಪನಿವೇದನೆಗೆ ಹೋಗಿ ಎಲ್ಲ ಪಾಪ ಹೇಳಿದೆ, ಇದೊಂದನ್ನು ಬಿಟ್ಟು. ಸುಳ್ಳು ಹೇಳಿದ್ದಕ್ಕೆ ಅತ್ತೆ ಬೈದರೆ ಬೈಯಲಿ. ಇನ್ನು ಮುಂದೆ ನನ್ನ ಬಾಯಿಂದ ದೇವರ ಮಾತು ಕೇಳುವುದನ್ನೇ ಬಿಟ್ಟರೆ? ಎರಡು ವರ್ಷ ದಿನಾ ಬೆಳಿಗ್ಗೆ ನಾವಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಆ ಹೊತ್ತು ನನಗೆ ಬೇಕಾಗಿತ್ತು.

ಚಸ್ಮಾ ಬಂದ ದಿನವೇ ಪುಸ್ತಕ ಕೇಳಿದರು. ಎರಡು ದಿನ ಜನವರಿಯಿಂದ ಒಂದೊಂದೇ ಪುಟ ತಿರುವಿದರು. ನಾನು ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಅದನ್ನೂ ಸುಮ್ಮನೆ ಉಂಡರು.

ಮೂರನೆಯ ದಿನ ಏಳು ಗಂಟೆಗೆ ನಾನು ಕಣ್ಣುಜ್ಜುತ್ತ ಹೊರಗೆ ಬಂದಾಗ ಅತ್ತೆ ಪುಸ್ತಕ ಹಿಡಿದು ಕೂತಿದ್ದರು.

"ಕುಂಡ್ರು. ಇವತ್ತ ನಾ ಓದ್ತೇನಿ."

ಚಸ್ಮಾ ಏರಿಸಿಕೊಂಡು, ಅಕ್ಷರಕ್ಕೆ ಬೆರಳಿಟ್ಟು ಓದತೊಡಗಿದರು.

"ಇವತ್ತು ಸಂತ ಪೆರಮೀನಾಳ ಸ್ಮರಣೆ. ಈಕೆ ಒಬ್ಬರ ಮನೆಯ ಸೊಸೆ. ಬಾಯಿ ಬಹಳ ಜೋರು. ಸೂರ್ಯ ನೆತ್ತಿಗೆ ಬಂದರೂ ಏಳುತ್ತಿರಲಿಲ್ಲ. ಒಂದು ದಿನ ದೇವರ ಪುಸ್ತಕ ಹಿಡಿದುಕೊಂಡೇ ಸುಳ್ಳು ಹೇಳಿ, ಅತ್ತೆಗೆ ಕಣ್ಣು ಕೊಡಿಸಿದಳು. ಸ್ವಾಮಿ ಆಕೆಯ ಸುಳ್ಳನ್ನು ಕ್ಷಮಿಸಿದರು. ನಿದ್ದೆಯನ್ನು ಕ್ಷಮಿಸಲಿಲ್ಲ."

ನಾನು ಬಗ್ಗಿ ನೋಡಿದೆ. ಬೆರಳಿದ್ದದ್ದು ಮೇಣದ ಬತ್ತಿಯ ಜಾಹೀರಾತಿನ ಮೇಲೆ. ನಗು ಬಂತೋ ಅಳು ಬಂತೋ ತಿಳಿಯದೆ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅತ್ತೆ ತಮ್ಮ ಸುಟ್ಟ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟರು.

"ಈಕಿ ಹಬ್ಬ ಯಾವತ್ತ ಬರ್ತೈತ್ರಿ ಅತ್ತಿ?" ಎಂದೆ.

"ದಿನಾ ಬರ್ತೈತಿ. ಮುಂಜಾನಿ ಐದಕ್ಕ."

ಈಗ ದಿನಾ ಐದಕ್ಕೇ ಏಳುತ್ತೇನೆ. ಪೆರಮೀನಾಳನ್ನು ಬೈಯುತ್ತ ಹಂಚಿನ ಮುಂದೆ ಕೂಡುತ್ತೇನೆ. ರೊಟ್ಟಿ ಬಡಿಯುತ್ತ ಅತ್ತೆ ಕೇಳುತ್ತಾರೆ, "ಸೆರೋನಿಕಾ ಮುಂದ ಏನ ಮಾಡಿದಳು, ಹೇಳು."