ಪಡಸಾಲೆಯಲ್ಲಿ ಉಳಿದ ತಾಟು

ಶಹಾಬಜಾರದ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಖಾನಾವಳಿಯ ಕುರಿತು ನನಗೆ ತಿಳಿದಿರುವಷ್ಟನ್ನು, ಕ್ರಮ ತಪ್ಪೀತೆಂಬ ಅಳುಕಿನಿಂದಲೇ, ಈ ಕೆಳಗೆ ನಿವೇದಿಸಿಕೊಳ್ಳುತ್ತಿದ್ದೇನೆ.

ತಂದೆಯವರು ತೀರಿಕೊಂಡ ತರುವಾಯ ನನ್ನ ತಾಯಿ ಕಚೇರಿಯ ಗುಮಾಸ್ತರಿಗೆ ಮಧ್ಯಾಹ್ನದ ಊಟ ಹಾಕಿ ಸಂಸಾರ ನಡೆಸುತ್ತಿದ್ದಳು. ನಿಜಾಮರ ಆಡಳಿತದ ಕೊನೆಯ ವರ್ಷಗಳವು. ಬೆಳಿಗ್ಗೆ ಕಿತ್ತ ಕಾಯಿಪಲ್ಲೆ ಮಧ್ಯಾಹ್ನಕ್ಕೆ ತಾಟಿನಲ್ಲಿರಬೇಕೆಂಬುದು ಆಕೆಯ ಹಟ. ಅದನ್ನು ಒದಗಿಸುತ್ತಿದ್ದವರು ಕಮಲಾಪುರದ ಒಬ್ಬ ಬಾಗವಾನರು, ಕಾಯಿಪಲ್ಲೆ ಬೆಳೆದು ಮಾರುವ ಮುಸಲ್ಮಾನರು. ಪುಂಡಿಪಲ್ಲೆ, ಹೀರೇಕಾಯಿ, ಎಳೆ ಬದನೆಕಾಯಿ, ಅವರ ತೋಟದ ಕೆಂಪು ಬಾಳೆಹಣ್ಣು ಎಲ್ಲವನ್ನೂ ಬುಟ್ಟಿಗಳಲ್ಲಿ ತುಂಬಿ ಬೆಳಗಿನ ಮೋಟಾರು ಬಸ್ಸಿನ ಮೇಲೆ ಹೇರಿಕೊಂಡು ಬರುತ್ತಿದ್ದರು. ಊಟ ನಮ್ಮಲ್ಲಿಯೇ. ಆ ಕಾಲದ ರೀತಿಯಂತೆ ಗುಮಾಸ್ತರ ಪಂಕ್ತಿಯಲ್ಲಿ ಅವರಿಗೆ ಸ್ಥಳವಿರಲಿಲ್ಲ. ಪಡಸಾಲೆಯಲ್ಲಿ ಅವರದೇ ಒಂದು ಕಲಾಯಿ ಹಾಕಿದ ತಾಟಿತ್ತು. ಸಂಜೆಯ ಮೋಟಾರು ತಪ್ಪಿದರೆ ಅಲ್ಲಿಯೇ ಮಲಗುತ್ತಿದ್ದರು.

ಖಾನಾವಳಿಗೆ ಒಂದು ನಿಯಮವಿತ್ತು. ಊಟಕ್ಕೆ ಬಾರದವರು ಮುಂಚಿತವಾಗಿ ಹೇಳಬೇಕು; ತಾವು ಹೇಳಲಾಗದಿದ್ದರೆ ಮನೆಯವರಾದರೂ ಹೇಳಬೇಕು. ಹೇಳದವರ ತಾಟು ಬಡಿಸಿಯೇ ಇರುತ್ತಿತ್ತು. ದೀಪ ಹಚ್ಚುವ ಹೊತ್ತಿನವರೆಗೆ ಕಾದು, ಆಮೇಲೆಯೇ ತಾಯಿ ಉಣ್ಣುತ್ತಿದ್ದಳು.

ಭಾರತದ ಸೈನ್ಯ ನಿಜಾಮರ ಸೀಮೆಗೆ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ಸುದ್ದಿ ಊರಲ್ಲಿ ಹಬ್ಬಿದ ದಿನವೂ ಬಾಗವಾನರು ಬಂದಿದ್ದರು. ಉಂಡು ಎದ್ದಾಗ ತಾಯಿ ತಡೆದಳು.

"ಊರಾಗ ಗದ್ದಲ ಅದ ಅಂತಾರ. ಇವತ್ತ ಇಲ್ಲೇ ಮಲಗ್ರಿ ಅಣ್ಣಾರ."

"ಮನ್ಯಾಗ ಆಕಿ ಒಬ್ಬಾಕಿ ಅದಾಳ್ರಿ ಅಕ್ಕಾರ. ಇಲ್ಲೇ ಮಲಗಿದ್ರ ನಾಳಿ ನನಗ ರೊಟ್ಟಿ ಬದಲಿ ಸವಟಿನ ಏಟು ಸಿಗ್ತದ," ಎಂದು ನಗುತ್ತ, ಬರಿದಾದ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಹೊರಟರು.

ಮರುದಿನದಿಂದ ಮೋಟಾರುಗಳು ನಿಂತವು. ಅಂಗಡಿಗಳು ಮುಚ್ಚಿದವು. ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳಿಗೆ ಬೆಂಕಿ ಬೀಳುತ್ತಿರುವ ಮಾತು ಓಣಿಗೆ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಜೊತೆಗೆ ಬರೀ ಬೇಳೆ, ಒಣಚಟ್ನಿ. ತಾಯಿ ಮಾತ್ರ ದಿನಾಲು ಪಡಸಾಲೆಯ ತಾಟಿಗೂ ಬಡಿಸುತ್ತಿದ್ದಳು.

"ಏನ್ರಿ ಅವ್ವಾರ, ತಾಟಿಗಿ ನೈವೇದ್ಯ ಹಿಡೀತೀರೇನು?" ಎಂದು ಒಬ್ಬ ಗುಮಾಸ್ತರು ಕೆಣಕಿದರು.

"ಬರಂಗಿಲ್ಲ ಅಂತ ಅವರು ಹೇಳ್ಯಾರೇನು? ನೀವು ನಿಮ್ಮ ರೊಟ್ಟಿ ಮುರೀರಿ."

ರಾತ್ರಿ ನನಗೆ ಹೇಳುವಳು: "ಶ್ಯಾಣ್ಯಾರು ಅದಾರವ್ವ. ಮನೀ ಸೇರ್ಕೊಂಡು ಸುಮ್ಮನ ಕುಂತಾರ." ಹಾಗೆ ಹೇಳಿದ ಮೇಲೂ ಆಕೆಗೆ ನಿದ್ದೆ ಬರುತ್ತಿರಲಿಲ್ಲ.

ಮೋಟಾರುಗಳು ಪುನಃ ಓಡಲಾರಂಭಿಸಿದ ಮೇಲೆ, ಒಂದು ಮಧ್ಯಾಹ್ನ ಬಾಗವಾನರ ಹೆಂಡತಿ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಬಾಗಿಲಿಗೆ ಬಂದಳು. ಒಳಗೆ ಕಾಲಿಟ್ಟವಳ ಕಣ್ಣು ನೇರವಾಗಿ ಆ ತಾಟಿನ ಮೇಲೆ ಬಿತ್ತು. ರೊಟ್ಟಿ ಇನ್ನೂ ಬಿಸಿಯಿತ್ತು. ಬುಟ್ಟಿ ಇಳಿಸಿ, ಗೋಡೆ ಹಿಡಿದು ಕುಳಿತುಬಿಟ್ಟಳು. ಅಳುವೂ ನಗುವೂ ಒಟ್ಟಿಗೆ ಬಂದವು.

"ಯಾ ಅಲ್ಲಾ! ಇಲ್ಲೇ ಅದಾರ! ಅಕ್ಕಾರ ಮನ್ಯಾಗೇ ಉಳಕೊಂಡಾರ ಅಂತ ಎಲ್ಲಾರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ರಿ. ಕೈ ತೊಳ್ಯಾಕ ಹೋಗ್ಯಾರೇನ್ರಿ? ಬರ್ಲಿ, ಮೊದ್ಲ ಬೈತೀನಿ, ಆಮ್ಯಾಲ ಮಾತಾಡ್ತೀನಿ."

ತಾಯಿಯ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲಿಯೇ ನಿಂತಿತು.

"ತಂಗಿ, ಅವರು ಮನೀಗಿ ಬಂದಿಲ್ಲೇನವ್ವ?"

"ಎಲ್ಲಿ ಬಂದಾರ್ರಿ? ಗದ್ದಲ ಆದ ದಿನ ಮುಂಜಾನಿ ನಿಮ್ಮನೀಗಂತ ಹೋದವರು..."

"ಅವತ್ತ ಉಂಡು ನಿಮ್ಮೂರಿಗಿ ಹೊಂಟಾರವ್ವ."

ಅಷ್ಟು ದಿನವೂ ಆಕೆ ಮನಸ್ಸಿನಲ್ಲಿಯೇ ಅವರನ್ನು ನಮ್ಮ ಪಡಸಾಲೆಯಲ್ಲಿ ಮಲಗಿಸಿದ್ದಳು, ನಾವು ಆಕೆಯ ಮನೆಯಲ್ಲಿ ಕೂರಿಸಿದ್ದೆವು. ಆದಕಾರಣ ಈ ಕಡೆಯವರಾಗಲಿ ಆ ಕಡೆಯವರಾಗಲಿ ಅವರನ್ನು ಹುಡುಕಿರಲಿಲ್ಲ.

ಬರುವುದಿಲ್ಲವೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಬಡಿಸುತ್ತ ಬಂದೆನೆಂದು ತಿಳಿಸಿ, ತಾಯಿ ಬಾಗಿ ತಾಟನ್ನು ಎತ್ತಲು ಹೋದಳು. ಬಂದವಳಿಗೆ ಸುಳ್ಳು ಆಸೆ ತೋರಿಸಿದ ಆ ತಾಟು ತಾಯಿಗೇ ನೋಡಲು ಬೇಡವಾಗಿತ್ತು. ಬಾಗವಾನರ ಹೆಂಡತಿ ಎರಡೂ ಕೈಯಿಂದ ಅದರ ಅಂಚನ್ನು ಹಿಡಿದುಕೊಂಡಳು.

"ಎತ್ತಬ್ಯಾಡ್ರಿ ಅಕ್ಕಾರ. ಬರಂಗಿಲ್ಲ ಅಂತ ನಾ ಹೇಳಿಲ್ಲ."

ಠಾಣೆಯಲ್ಲಿ, ದವಾಖಾನೆಯಲ್ಲಿ, ದಾರಿಯ ಊರೂರಲ್ಲಿ ವಿಚಾರಿಸಲಾಯಿತು. ಸದರಿಯವರ ಬಗ್ಗೆ ಎಲ್ಲಿಂದಲೂ ಯಾವುದೇ ಮಾಹಿತಿ ದೊರೆಯಲಿಲ್ಲ. ತೋಟ ಒಣಗಬಾರದೆಂದು ಹೆಂಡತಿಯೇ ಬುಟ್ಟಿ ಹೊತ್ತು ಬರಲಾರಂಭಿಸಿದಳು. ಮಧ್ಯಾಹ್ನ ಬಡಿಸುವ ಮುನ್ನ ತಾಯಿ ಆಕೆಯ ಮುಖವನ್ನೊಮ್ಮೆ ನೋಡುತ್ತಿದ್ದಳು. ಆಕೆ ತಲೆ ತಗ್ಗಿಸಿ ಪುಂಡಿಪಲ್ಲೆಯ ಎಲೆ ಬಿಡಿಸುತ್ತ ಕೂಡುತ್ತಿದ್ದಳು, ಬರಂಗಿಲ್ಲ ಎಂದು ಮಾತ್ರ ಹೇಳುತ್ತಿರಲಿಲ್ಲ. ತಾಯಿ ಒಂದು ರೊಟ್ಟಿ ತೆಗೆದುಕೊಂಡು ಪಡಸಾಲೆಗೆ ನಡೆಯುತ್ತಿದ್ದಳು.