ಎರಡು ಸಲ ಕೂಗಿದ ಮೇಲೆ

ಶನಿವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾವು ಕಾರನ್ನು ಹಿಂದಕ್ಕೆ ತೆಗೆದು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆವು. ಕೆಟ್ಟದ್ದು ಶುರುವಾದದ್ದು ಆ ಗಳಿಗೆಯಿಂದ. ಹೊತ್ತು ನೆನಪಿರುವುದಕ್ಕೆ ಕಾರಣವಿದೆ. ಹಿಂದಿನ ಸೀಟಿನಲ್ಲಿದ್ದ ಮೈಸೂರಿನ ಗೆಳೆಯ ಕೈಗಡಿಯಾರ ನೋಡಿಕೊಂಡು, "ಈಗ ನಿಮ್ಮೂರಲ್ಲಿ ರಾತ್ರಿ ಎಂಟೂ ಮುಕ್ಕಾಲು, ಎಲ್ಲರೂ ಮುದ್ದೆ ಉಂಡು ಮಲಗಿರ್ತಾರೆ ಕಣೋ. ನಾವು ನೋಡು, ಇನ್ನೊಬ್ಬರ ದೇಶದ ಗುಡ್ಡದಲ್ಲಿ ಚಕ್ಕುಲಿ ತಿಂತಾ ಕೂತಿದೀವಿ" ಎಂದಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳು. ಅವನೂ ನಾನೂ ಪಶ್ಚಿಮ ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆವು, ಒಂದೇ ಹಾಸ್ಟೆಲಿನ ಅಕ್ಕಪಕ್ಕದ ಕೋಣೆಗಳಲ್ಲಿ ಇದ್ದೆವು. ಕಾರು ನಮ್ಮ ತರಗತಿಯ ಈಜಿಪ್ಟಿನ ಗೆಳೆಯನದು, ಯಾರೋ ಬಳಸಿ ಬಿಟ್ಟ ಹಳೆಯ ಗಾಡಿ. ಶನಿವಾರ ಹೊರಟು ಆಸ್ಟ್ರಿಯಾದಲ್ಲಿ ಒಂದು ರಾತ್ರಿ ಉಳಿದು ಭಾನುವಾರ ವಾಪಸಾಗುವುದು ನಮ್ಮ ಯೋಜನೆ. ಬೆಳಿಗ್ಗೆ ಒಂದು ದೇಶದಲ್ಲಿ ಉಂಡು ರಾತ್ರಿ ಇನ್ನೊಂದು ದೇಶದಲ್ಲಿ ಮಲಗುವ ಸಂಭ್ರಮ ಅವರಿಬ್ಬರಿಗೆ. ನನಗೆ ಗಡಿ ದಾಟುವುದು ಅಷ್ಟೇನೂ ಹೊಸದಲ್ಲ. ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ತಿಗನಾರೆಯವನು ನಾನು. ಚಾಮರಾಜನಗರದ ಸಂತೆಗೆ ಹೋದರೂ ನಾವು ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಕಾಲಿಟ್ಟಂತೆ.

ಗಡಿಯ ಠಾಣೆಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಹೊರಬಂದಾಗ ಹಿಮದ ಉಂಡೆ ಮಾಡಿ ಎಸೆದಾಡಿದೆವು. ನನ್ನ ಏಟು ಒಂದೂ ತಪ್ಪಲಿಲ್ಲ.

"ಇದೆಲ್ಲಿ ಕಲಿತೆ ನೀನು?" ಎಂದು ಈಜಿಪ್ಟಿನವನು ಕಿವಿಯೊಳಗಿನ ಹಿಮ ತೆಗೆಯುತ್ತ ಕೇಳಿದ.

"ಇವರ ಕಡೆ ಗುಮಟಾಪುರ ಅಂತ ಊರಿದೆ, ದೀಪಾವಳಿ ಆದಮೇಲೆ ಸಗಣಿ ಉಂಡೆಯಲ್ಲಿ ಹೊಡೆದಾಡ್ತಾರೆ. ನಿನ್ನ ಪುಣ್ಯ, ಇದು ಬರೀ ಹಿಮ" ಎಂದ ಮೈಸೂರಿನವನು.

ಹೊರಗೆ ನಿಂತು ನಕ್ಕದ್ದು ಅದೇ ಕೊನೆ. ಘಟ್ಟ ಹತ್ತುತ್ತಿದ್ದಂತೆ ಹಿಮ ಹೇಗೆ ಸುರಿಯಿತೆಂದರೆ ಎದುರಿನ ರಸ್ತೆಯೇ ಅಳಿಸಿಹೋಯಿತು. ನಮ್ಮ ಮೂವರಲ್ಲಿ ಯಾರೂ ಹಿಮದ ನಾಡಿನಲ್ಲಿ ಹುಟ್ಟಿದವರಲ್ಲ. ಆದರೆ ನಾನು ದಿಂಬಂ ಘಾಟಿಯಲ್ಲಿ ಓಡಾಡಿ ಬೆಳೆದವನು. ಅಲ್ಲಿ ಮಂಜು ಮುಚ್ಚಿದರೆ, ತಿರುವಿನಲ್ಲಿ ಆನೆ ನಿಂತಿದ್ದರೆ, ಬಸ್ಸಿನವನು ಕಣಿವೆಯ ಕಡೆ ತಿರುಗಿಯೂ ನೋಡುವುದಿಲ್ಲ. ಹಿಂದಕ್ಕೆ ಬಂದು ಗುಡ್ಡಕ್ಕೆ ಬೆನ್ನು ಕೊಟ್ಟು ನಿಲ್ಲಿಸುತ್ತಾನೆ. ಜನ ಕಿಟಕಿ ಹಾಕಿಕೊಂಡು ಸದ್ದಿಲ್ಲದೆ ಕಾಯುತ್ತಾರೆ. ಕಾದವರು ಮನೆ ಸೇರುತ್ತಾರೆ. ಮೈಸೂರಿನವನಿಗೂ ಘಟ್ಟದ ಈ ಪದ್ಧತಿ ಗೊತ್ತಿತ್ತು. ಹಾಗೆಯೇ ಮಾಡಿದೆವು. ಕಾರಿನ ಹಿಂಭಾಗ ಗುಡ್ಡದ ಹಿಮದೊಳಗೆ ಮೆತ್ತಗೆ ಹೂತುಕೊಂಡಿತು. ಚಳಿಗೆ ಎಂಜಿನ್ ಓಡುತ್ತಲೇ ಇರಲಿ, ಹೀಟರ್ ಇರಲಿ ಎಂದುಕೊಂಡೆವು. ಕಿಟಕಿಗಳನ್ನು ಭದ್ರವಾಗಿ ಏರಿಸಿದೆವು.

ಹೊಗೆ ಹೊರಹೋಗುವ ಕೊಳವೆ ಹಿಮದಲ್ಲಿ ಮುಚ್ಚಿಹೋಗಿತ್ತು. ಆ ಹೊಗೆ ನಾವಿದ್ದ ಕಡೆಗೇ ಬರುತ್ತಿತ್ತು. ಅದರೊಳಗಿನ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಈಗ ಇದನ್ನು ಒಂದು ಸಾಲಿನಲ್ಲಿ ಬರೆಯಬಲ್ಲೆ. ಆಗ ನಮಗೆ ಅನಿಸಿದ್ದು ಇಷ್ಟೇ: ಬೆಚ್ಚಗಿದೆ, ತಲೆ ಸ್ವಲ್ಪ ನೋಯುತ್ತಿದೆ, ಕಣ್ಣು ಎಳೆಯುತ್ತಿದೆ.

ಹೊತ್ತು ಕಳೆಯಲು ನಾನು ನಮ್ಮೂರ ಕಾವಲಿನ ಕಥೆ ಹೇಳಿದೆ. ಬೆಳೆ ಕೈಗೆ ಬರುವ ಕಾಲದಲ್ಲಿ ಹೊಲಹೊಲದ ಮರದ ಮೇಲೂ ಒಂದು ಅಟ್ಟಣೆ. ಆನೆ, ಹಂದಿ ಬಾರದಂತೆ ಕಾಯುವವರು ಅದರ ಮೇಲೆ ಕೂತಿರುತ್ತಾರೆ. ನಿದ್ದೆ ಹತ್ತದಂತೆ ಒಬ್ಬರು "ಓಹೋಯ್" ಎಂದು ಕೂಗಿದರೆ ಪಕ್ಕದ ಹೊಲದವರು "ಓ" ಎನ್ನಬೇಕು. ಎರಡು ಸಲ ಕೂಗಿದರೂ ಓಗೊಡದಿದ್ದರೆ ಮೂರನೆಯ ಸಲ ಕೂಗುವಂತಿಲ್ಲ. ಮಲಗಿರಬಹುದು, ಬೀಡಿ ಹಚ್ಚುತ್ತಿರಬಹುದು ಎಂದೆಲ್ಲ ಲೆಕ್ಕ ಹಾಕುವಂತಿಲ್ಲ. ಪಂಜು ಹಿಡಿದು ಇಳಿದು ಹೋಗಿ ನೋಡಲೇಬೇಕು.

"ನಾವೂ ಆಡೋಣ" ಎಂದ ಈಜಿಪ್ಟಿನವನು. ಅವನ "ಓ" ಕೇಳಿ ಮೈಸೂರಿನವನು, "ಇವನು ಆನೆ ಓಡಿಸ್ತಿಲ್ಲ, ಆನೇನ ಕಾಫಿಗೆ ಕರೀತಿದಾನೆ" ಎಂದ. ಆಮೇಲೆ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿದ.

ಹೊರಗೆ ಕತ್ತಲಾಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ನಾನು ಕೂಗುತ್ತಿದ್ದೆ, ಎರಡು ಓಗಳು ಬರುತ್ತಿದ್ದವು. ಒಂದು ಸಲ ಒಂದೇ ಬಂತು, ಅದೂ ಪಕ್ಕದಿಂದ. ಮತ್ತೆ ಕೂಗಿದೆ. ಹಿಂದಿನ ಸೀಟು ಮಾತಾಡಲಿಲ್ಲ.

ನಿದ್ದೆ ಹೋಗಿದ್ದಾನೆ, ಮಲಗಲಿ ಎಂದು ನನ್ನೊಳಗೆ ಯಾರೋ ಹೇಳಿದರು. ಆ ದನಿ ಬಹಳ ಹಿತವಾಗಿತ್ತು. ಈಗಲೂ ನನ್ನನ್ನು ಬೆಚ್ಚಿಬೀಳಿಸುವುದು ಆ ಹಿತ. ತಿರುಗಿ ನೋಡುವುದಕ್ಕೂ ಬೇಸರವಾಗುವಷ್ಟು ಸುಖವಾಗಿತ್ತು. ಆದರೆ ಚಿಕ್ಕಂದಿನಿಂದ ಚಿಕ್ಕಪ್ಪನ ಜೊತೆ ಅಟ್ಟಣೆ ಏರಿದ ಮೈ ಬೇರೆಯದನ್ನೇ ಕಲಿತಿತ್ತು. ಮನಸ್ಸು ಮಲಗಿದ್ದರೂ ಕೈ ಬಾಗಿಲ ಹಿಡಿಯನ್ನು ಹುಡುಕಿತು.

ಬಾಗಿಲನ್ನು ಭುಜದಿಂದ ದೂಡಿ ಇಳಿದೆ. ಇಳಿದೆ ಎನ್ನುವುದಕ್ಕಿಂತ ಬಿದ್ದೆ. ತಣ್ಣನೆಯ ಗಾಳಿ ಮೂಗಿಗೆ ಸೂಜಿಯಂತೆ ಚುಚ್ಚಿದಾಗಲೇ, ಒಳಗಿದ್ದದ್ದು ನಿದ್ದೆಯಲ್ಲ ಎಂದು ತಿಳಿದದ್ದು. ಕಾರನ್ನು ಹಿಡಿದು ಹಿಡಿದು ಎದ್ದು ಹಿಂದಿನ ಬಾಗಿಲು ತೆರೆದೆ. ಗೆಳೆಯನ ಕಂಕುಳಿಗೆ ಕೈ ಹಾಕಿ ಎಳೆದೆ. ಅವನು ಜೋಳದ ಮೂಟೆಯಂತೆ ಬಂದ. ತುಟಿ ಮಾತ್ರ ವೀಳ್ಯ ಹಾಕಿದವನಂತೆ ಕೆಂಪಗಿತ್ತು. ಅಷ್ಟರಲ್ಲಿ ತೆರೆದ ಬಾಗಿಲಿನ ಗಾಳಿಗೆ ಈಜಿಪ್ಟಿನವನೂ ಎಚ್ಚೆತ್ತು ತೆವಳಿಕೊಂಡು ಹೊರಬಂದು ಕಾರಿಕೊಂಡ. ಆಮೇಲೆ ಬಾಗಿಲಿನಿಂದ ಕೈ ತೂರಿಸಿ ಹಾರನ್ ಒತ್ತಿ ಹಿಡಿದ. ನಾನು ಮಂಡಿಯೂರಿ ಗೆಳೆಯನ ಎದೆಗೆ ಕಿವಿಯಿಟ್ಟೆ. ಹಾರನ್ನಿನ ಗಲಾಟೆಯಲ್ಲಿ ಏನೂ ಕೇಳಿಸದು. ನಿಲ್ಲಿಸು ಎಂದು ಹೇಳಲು ಧೈರ್ಯವಿಲ್ಲ, ಒತ್ತು ಎನ್ನಲೂ ಉಸಿರಿಲ್ಲ.

ಹಿಮ ತಳ್ಳುವ ಲಾರಿಯೊಂದು ಆ ಸದ್ದಿಗೆ ಬಂತು. ಅದರಲ್ಲಿದ್ದವರು ನಮ್ಮನ್ನು ಕೆಳಗಿನ ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು. ಮೈಸೂರಿನವನಿಗೆ ಮುಖವಾಡ ಹಾಕಿ ಆಮ್ಲಜನಕ ಕೊಟ್ಟರು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟ. ಮುಖವಾಡ ಸರಿಸಿ, "ಎಷ್ಟು ಸಲ ಕೂಗ್ತೀಯೋ, ಮಲಗೋಕ್ಕೂ ಬಿಡಲ್ಲ" ಎಂದ. ನಾನು ಅತ್ತದ್ದು ಆಗ.

ಬದುಕಿದೆವು. ಆದರೆ ನಿದ್ದೆ ಬಿಟ್ಟುಹೋಯಿತು. ಹಾಸ್ಟೆಲಿನಲ್ಲಿ ಕಿಟಕಿ ತೆರೆದೇ ಮಲಗುತ್ತಿದ್ದೆ. ಕಣ್ಣು ಎಳೆಯತೊಡಗಿದ ಕೂಡಲೇ ಮೈ ಬೆಚ್ಚಿ ಎದ್ದು ಕೂರುತ್ತಿತ್ತು, ನಿದ್ದೆಯ ಹಿತವೇ ವಿಷದಂತೆ ಕಾಣುತ್ತಿತ್ತು. ಗೋಡೆಯಾಚೆಯವನದೂ ಅದೇ ಪಾಡು. ನಾನು ಗೋಡೆ ತಟ್ಟಿದರೆ ಅವನು ತಟ್ಟಬೇಕು, ಅವನು ತಟ್ಟಿದರೆ ನಾನು. ಪರೀಕ್ಷೆಗಳು ಹಾಗೆಯೇ ಕಳೆದವು.

ಸೆಪ್ಟೆಂಬರಿನ ರಜೆಗೆ ಇಬ್ಬರೂ ಊರಿಗೆ ಬಂದೆವು. ಅವನು ಮೈಸೂರಿನಲ್ಲಿ ಕೆಲವು ದಿನವಿದ್ದು ತಿಗನಾರೆಗೇ ಬಂದುಬಿಟ್ಟ. ಅಮ್ಮನಿಗೆ ಎಲ್ಲವನ್ನೂ ಹೇಳಿರಲಿಲ್ಲ, ಕಾರು ಹಿಮದಲ್ಲಿ ಸಿಕ್ಕಿಕೊಂಡಿತ್ತು ಎಂದಷ್ಟೇ ಹೇಳಿದ್ದೆ. ಆದರೆ ನಮ್ಮ ಕಣ್ಣಿನ ಕೆಳಗಿನ ಕಪ್ಪು ನೋಡಿ ಚಿಕ್ಕಪ್ಪ ಹಿಡಿದುಕೊಂಡರು.

"ಏನ್ಲಾ ಮಗ, ಇಬ್ರೂ ಗೂಬೆಗಳಂಗೆ ಕುಂತಿರ್ತೀರಿ. ಆ ದೇಸ್ದಲ್ಲಿ ಆನೆ ಅವಾ?"

"ಇಲ್ಲ ಚಿಕ್ಕಪ್ಪ."

"ಅಂದಿ?"

"ಹಂದಿ ಇವೆ, ಊರೊಳಗೆ ಬರಲ್ಲ."

"ಮತ್ತೆ ಏನ್ ಕಾಯಕ್ಲಾ ಎದ್ದಿರದು?"

ಜಗುಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಚಿಕ್ಕಪ್ಪ ಎಲೆ ಮಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದರು. ಎರಡನೆಯ ಕೂಗಿಗೆ ಇಳಿದೆ ಎಂದಾಗ ತಲೆಯಾಡಿಸಿದರು, ಹೊಗಳಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ಹೊಗಳುವುದಿಲ್ಲ, ಹಾಗಲ್ಲದೆ ಬೇರೆ ಮಾಡಲು ಬರುವುದಿಲ್ಲ. ಕೊನೆಗೆ ಹೇಳಿದರು:

"ಕಾವ್ಲು ಕಾಯೋನು ಒಬ್ನೇ ದಿನಾಲೂ ಕಾದ್ರೆ ಸತ್ತೋಯ್ತನೆ ಕಣ್ಲಾ. ಸರದಿ ಅಂತ ಯಾಕ್ ಮಡಗವ್ರೆ? ನಿಮ್ ಸರದಿ ಮುಗೀತು. ಇವತ್ತು ನಾನೂ ಅತ್ತಲ್ ಒಲದೋರೂ ಕೂಗ್ತೀವಿ. ನೀವು ಓಗೊಡ್ಬ್ಯಾಡಿ, ಬುಟ್ಬುಡಿ."

"ಓಗೊಡದಿದ್ರೆ ಇಳಿದು ಬಂದು ನೋಡ್ತೀರಲ್ಲ?" ಎಂದ ಮೈಸೂರಿನವನು. ತಮಾಷೆಗೆ ಕೇಳಿದಂತಿತ್ತು, ಆದರೆ ಉತ್ತರ ಬರುವ ತನಕ ಅವನು ಚಿಕ್ಕಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಬತ್ತೀನಿ ಕಣಪ್ಪ. ನೀನ್ ಗೊರ್ಕೆ ಒಡುದ್ರೆ ವಾಪಸ್ ಓಯ್ತೀನಿ."

ಅಂದು ಭಾನುವಾರ. ಮುಸುಕಿನ ಜೋಳ ತೆನೆ ಕಟ್ಟಿತ್ತು. ಅಮ್ಮ ಜಗುಲಿಯ ಮೇಲೇ, ನಾಲ್ಕೂ ಕಡೆಯ ಗಾಳಿಗೆ, ಚಾಪೆ ಹಾಸಿ ಕಂಬಳಿ ಕೊಟ್ಟಳು. ಹೊಲದ ಕಡೆಯಿಂದ ಚಿಕ್ಕಪ್ಪನ ಓಹೋಯ್ ಬಂತು. ಆಚೆಯಿಂದ ಓ ಬಂತು. ಬಾಯಿ ತೆರೆಯಲು ಹೋಗಿ ಸುಮ್ಮನಾದೆ. ಇನ್ನೊಂದು ಓಹೋಯ್ ಕೇಳಿದ ನೆನಪಿದೆ. ಅದಕ್ಕೆ ಓ ಬಂದದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಕಂಬಳಿಯ ಮೇಲಿತ್ತು. ಸೋಮವಾರ, ಶಿವನ ದಿನ. ನಮ್ಮಲ್ಲಿ ಅಂದು ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತುಗಳು ಹಟ್ಟಿಯ ಮುಂದೆ ಮಲಗಿ ಮೆಲುಕು ಹಾಕುತ್ತಿದ್ದವು. ಅಮ್ಮ ಅಂಗಳವನ್ನೆಲ್ಲ ಗುಡಿಸಿ, ಜಗುಲಿಯ ಹತ್ತಿರ ಮಾತ್ರ ಕಸಬರಿಗೆ ತಾಗಿಸದೆ ಬಿಟ್ಟಿದ್ದಳು. ಅಲ್ಲಿನ ಧೂಳಿನಲ್ಲಿ ಮೂಡಿದ್ದ ಚಿಕ್ಕಪ್ಪನ ಹೆಜ್ಜೆಗಳು ಜಗುಲಿಯ ತನಕ ಬಂದು ವಾಪಸು ಹೋಗಿದ್ದವು.

ಪಕ್ಕದಲ್ಲಿ ಗೆಳೆಯ ಬಾಯಿ ತೆರೆದು ಮಲಗಿದ್ದ. "ಓಹೋಯ್" ಎಂದೆ, ಮೆಲ್ಲಗೆ. ಉತ್ತರವಿಲ್ಲ. ಅವನ ಎದೆಯ ಮೇಲಿನ ಕಂಬಳಿ ಏರುತ್ತಿತ್ತು, ಇಳಿಯುತ್ತಿತ್ತು. ಎರಡನೆಯ ಸಲ ಕೂಗಲಿಲ್ಲ.