ಕ್ಯಾರವಾನ್ ತಲೆ ಮೇಲಿನ ಬಿಳಿ ಡಬ್ಬಿ

2023ರಲ್ಲಿ ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ವ್ಯಾನುಗಳನ್ನು ಕ್ಯಾರವಾನ್ ಮಾಡಿಕೊಡುವ ಶೆಡ್ ಅದು. ಹಾಸಿಗೆ, ಒಲೆ, ಶೌಚಾಲಯ ಕೂರಿಸಲು ಬೇರೆಯವರಿದ್ದರು. ಓಡುವ ಗಾಡಿಯಲ್ಲಿ ಇಂಟರ್‌ನೆಟ್ ಕಡಿಯದಂತೆ ನೋಡಿಕೊಳ್ಳುವುದು ನನ್ನ ಪಾಲು. ಅಪ್ಪ ಉದಯಗಿರಿಯಲ್ಲಿ ಟಿಂಕರಿಂಗ್ ಮಾಡುತ್ತಿದ್ದರು, ಅಂದರೆ ನಜ್ಜಿದ ಗಾಡಿಗಳ ತಗಡು ಬಡಿದು ಸರಿಮಾಡುವ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಕೆಲವು ಪೇಪರ್‌ಗಳನ್ನು ಎರಡೆರಡು ಸಲ ಬರೆದು ಪಡೆದ ಬಿ.ಇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ವರ್ಷ ದಸರೆಗೆ ಮುಂಚೆ ಸರಸ್ವತಿಪುರಂನಿಂದ ಡಾಕ್ಟರ್ ವಸುಧಾ ಬಂದರು. ಸಣ್ಣ ಊರುಗಳ ಆಸ್ಪತ್ರೆಗಳು ಕಳಿಸುವ ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲೇ ನೋಡಿ ವರದಿ ಕೊಡುವ ರೇಡಿಯಾಲಜಿಸ್ಟ್. ಅವರ ಯಜಮಾನರಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಬಾಗಿಲು ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಓಡುವ ಗಾಡಿಯಲ್ಲಿ ಮಾತ್ರ ಕಿಟಕಿ ಪಕ್ಕ ಸುಮ್ಮನೆ ಕೂರುತ್ತಿದ್ದರು.

“ನೋಡಮ್ಮ, ಓಡೋ ಗಾಡೀಲಿ ನಾನು ಕೆಲಸ ಮಾಡೋಕಾದ್ರೆ ಇವರು ನನ್ನ ಜೊತೆ ಇರ್ತಾರೆ. ಆಗ್ಲಿಲ್ಲ ಅಂದ್ರೆ ಆರೈಕೆ ಕೇಂದ್ರಕ್ಕೆ ಬಿಡಬೇಕು. ಅಲ್ಲಿ ಒಂದು ಹಾಸಿಗೆ ಹೇಳಿಟ್ಟಿದ್ದೀನಿ. ಹಬ್ಬ ಆದ್ಮೇಲೆ ಬೇಕೋ ಬೇಡ್ವೋ ಹೇಳ್ಬೇಕು” ಎಂದರು. ಹವಾಮಾನದ ಸುದ್ದಿ ಓದುವವರ ದನಿಯಲ್ಲಿ ಹೇಳಿದರು.

ನಾನು ಎರಡು ಬೇರೆ ಕಂಪನಿಗಳ ಸಿಮ್ ಹಾಕುವ ರೂಟರ್ ಕೂರಿಸಿದೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಗಾಡಿಯ ತಗಡಿನ ಮೈ ಸಿಗ್ನಲ್ ತಡೆಯುವುದರಿಂದ ಆಂಟೆನಾ ಚಾವಣಿಯ ಮೇಲೆ, ಬಿಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುತ್ತದೆ. ಸಿಗ್ನಲನ್ನು ಅಳೆಯುವುದು ಡಿಬಿಎಂ ಎಂಬ ಲೆಕ್ಕದಲ್ಲಿ, ಮೈನಸ್ ಸಂಖ್ಯೆಯಲ್ಲಿ. ಮೈನಸ್ 85ರ ಆಸುಪಾಸು ಇದ್ದರೆ ಸಲೀಸು. ಮೈನಸ್ 110 ದಾಟಿತೆಂದರೆ ಲೈನ್ ಕಡಿಯುತ್ತಲೇ ಇರುತ್ತದೆ. ನನ್ನ ಮೊದಲ ಪರೀಕ್ಷೆಯಲ್ಲಿ ಮೈನಸ್ 84 ಬಂತು.

ಅದರ ಮಾರನೇ ದಿನ ಅಪ್ಪ ಕೆಲಸದ ಜಾಗದಲ್ಲೇ ಕುಸಿದು ತೀರಿಕೊಂಡರು. ಆಯುಧಪೂಜೆ ಸೂತಕದೊಳಗೇ ಬಂತು. ನಾನು ಶೆಡ್ಡಿನ ಕಡೆ ಹೋಗುವಂತಿರಲಿಲ್ಲ. ತಿಥಿ ಮುಗಿಸಿ ಕೆಲಸಕ್ಕೆ ಮರಳಿದಾಗಲೂ ನನಗೆ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗಿತ್ತು ಇಡೀ ಮೈ.

ವಿಜಯದಶಮಿಯ ದಿನವೇ ಕ್ಯಾರವಾನ್ ವಸುಧಾ ಅವರ ಮನೆ ಸೇರಿತ್ತು. ನಾನು ಮರಳಿದ ದಿನವೇ ಅವರ ಫೋನ್ ಬಂತು. “ನಂಜನಗೂಡು ರಸ್ತೇಲಿ ಅರ್ಧ ವರದಿಗೆ ಲೈನ್ ಹೋಯ್ತು ಕಣಮ್ಮ. ತಲೆಗೆ ಪೆಟ್ಟು ಬಿದ್ದ ಹುಡುಗಿ ಸ್ಕ್ಯಾನ್ ಅದು. ನಾನು ಹಾಸಿಗೆ ಬೇಕು ಅಂತ ಹೇಳ್ಬಿಡ್ತೀನಿ.”

“ನಾಳೆ ಸಂಜೆವರೆಗೆ ತಡೀರಿ ಮೇಡಂ. ಗಾಡಿ ಕಳಿಸಿ” ಎಂದೆ.

ಗಾಡಿ ಅಂದೇ ಬಂತು. ಅದರ ಹೊರಗೆ ನಿಂತರೆ ನನ್ನ ಫೋನು ಮೈನಸ್ 86 ತೋರಿಸುತ್ತಿತ್ತು. ಒಳಗಿನ ರೂಟರ್ ಮೈನಸ್ 113. ಸಿಮ್‌ಗಳನ್ನು ಬದಲಿಸಿದೆ, ಮತ್ತೆ ಅಷ್ಟೇ ಬಂತು. ರೂಟರ್ ಬದಲಿಸಿದೆ, ಅಷ್ಟೇ. ಚಾವಣಿಯಿಂದ ಇಳಿಯುವ ಕೇಬಲ್ ಕಿತ್ತು ಹೊಸದು ಎಳೆದೆ. ಅದೂ ಅಷ್ಟೇ. ಉಳಿದದ್ದು ಆಂಟೆನಾ ಒಂದೇ. ಏಣಿ ಹಾಕಿ ಹತ್ತಿದೆ.

ಚಾವಣಿಯ ಮೇಲೆ ಲಗೇಜ್ ಕ್ಯಾರಿಯರ್, ಎ.ಸಿ.ಯ ಚೌಕಟ್ಟು, ಎಲ್ಲವೂ ಹೊಸದಾಗಿ ಬೆಳ್ಳಿ ಬಣ್ಣ ಹೊಡೆಸಿಕೊಂಡು ಹೊಳೆಯುತ್ತಿದ್ದವು. ನನ್ನ ಬಿಳಿ ಡಬ್ಬಿಯೂ ಹೊಳೆಯುತ್ತಿತ್ತು. ನೋಡಿದ ಕೂಡಲೇ ತಿಳಿಯಿತು. ಆಯುಧಪೂಜೆ ಬಂತೆಂದರೆ ಅಪ್ಪನೂ ಬೆಂಚು, ವೈಸು, ಕಂಪ್ರೆಸರ್ ಎಲ್ಲಕ್ಕೂ ಇದೇ ಬಣ್ಣ ಹೊಡೆಯುತ್ತಿದ್ದರು.

ನಮ್ಮಲ್ಲಿ ವೆಲ್ಡಿಂಗ್, ಪೇಂಟಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯರು ಮಾದಪ್ಪಣ್ಣ. ಮೇಲಿನಿಂದಲೇ ಕೇಳಿದೆ. “ಮಾದಪ್ಪಣ್ಣ, ಈ ಡಬ್ಬಿಗೂ ಹೊಡೆದ್ರಾ?”

“ಊ ಕಣವ್ವ. ಎಲ್ಲಾ ಪಳಪಳ ಅಂತಿರ್ಬೇಕಾದ್ರೆ ಅದೊಂದು ಸುಣ್ಣದ ಗಡಿಗೆ ಅಂಗೆ ಕೂತಿತ್ತು. ಎರಡು ಕೋಟು ಹೊಡ್ದ್ಬುಟ್ಟೆ. ಯಾಕೆ, ಚೆಂದಾಗಿಲ್ವಾ?”

“ಚೆನ್ನಾಗಿದೆ. ಆದ್ರೆ ಆ ಬಣ್ಣದಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತೆ. ಒಳಗಿರೋ ಆಂಟೆನಾಗೆ ತಗಡು ಮುಚ್ಚಿದ ಹಾಗಾಗಿದೆ.”

ಅವರು ಏಣಿಯ ಬುಡಕ್ಕೆ ಬಂದರು. “ಹಬ್ಬ ಮಾಡಕ್ಕೋಗಿ ಅದರ ಕಣ್ಣೇ ಕಟ್ಬುಟ್ನಾ” ಎಂದರು.

ಬೇರೆ ದಿನವಾಗಿದ್ದರೆ ರೇಗುತ್ತಿದ್ದೆನೋ ಏನೋ. ಆ ದಿನ ಕೋಪವೂ ಹುಟ್ಟಲಿಲ್ಲ. ಹೊಸ ಡಬ್ಬಿ ತರಿಸಲು ನಾಲ್ಕು ದಿನ ಬೇಕು. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ. ಇನ್ನುಳಿದದ್ದು ಉಜ್ಜುವುದು. ಹಳೇ ಹವಾಯಿ ಚಪ್ಪಲಿಯಿಂದ ಒಂದು ತುಂಡು ಕತ್ತರಿಸಿ, ಅದಕ್ಕೆ ಉಜ್ಜುಕಾಗದ ಸುತ್ತಿ, ನೀರು ಚಿಮುಕಿಸಿಕೊಂಡು ಉಜ್ಜತೊಡಗಿದೆ. ಹಾಗೆ ಮಾಡಿದರೆ ಡೊಂಕು ಮೈಯಲ್ಲೂ ಬಣ್ಣ ಒಂದೇ ಸಮ ಏಳುತ್ತದೆ.

ಮಾದಪ್ಪಣ್ಣ ಬಕೆಟ್ ಹಿಡಿದು ಏಣಿ ಹತ್ತಿ ಬಂದರು. “ಇದ್ಯಾವ ಕಾಲೇಜಲ್ಲಿ ಹೇಳ್ಕೊಟ್ರವ್ವ?”

“ಉದಯಗಿರೀಲಿ.”

ಅವರು ನೀರು ಹಾಕುತ್ತಾ ಹೋದರು. ನನ್ನ ಕೈ ಸೋತಾಗ ಅವರು ಉಜ್ಜಿದರು, ನಾನು ನೀರು ಹಾಕಿದೆ. ಬೂದು ಬಣ್ಣದ ನೀರು ಗಾಡಿಯ ಗಾಜಿನ ಮೇಲೆ ಇಳಿಯುತ್ತಿತ್ತು. ಅಪ್ಪನ ನೆನಪಾಗಿ ನನಗೆ ಏನಾದರೂ ಆಗಬೇಕಿತ್ತು ಅನ್ನಿಸಿತು. ಏನೂ ಆಗಲಿಲ್ಲ. ಬಣ್ಣ ಮಾತ್ರ ಹೋಯಿತು.

ಮೈನಸ್ 85.

ಮರುದಿನ ಮಧ್ಯಾಹ್ನ ಡ್ರೈವರ್ ಪಕ್ಕ ನಾನು ಕೂತೆ. ಹಿಂದೆ ಮೇಜಿನ ಮುಂದೆ ವಸುಧಾ, ಕಿಟಕಿ ಬಳಿ ಅವರ ಯಜಮಾನರು. ರಿಂಗ್ ರೋಡ್ ಬಳಸಿ ನಂಜನಗೂಡು ರಸ್ತೆಗೆ ಬಂದೆವು. ಎರಡು ಸಲ ಒಂದು ಸಿಮ್ ಕೈಕೊಟ್ಟಿತು, ಇನ್ನೊಂದು ಹಿಡಿಯಿತು. ನನ್ನ ಪರದೆಯಲ್ಲಿ ಅದು ಕಂಡಿತು. ವಸುಧಾ ಅವರಿಗೆ ಗೊತ್ತೇ ಆಗಲಿಲ್ಲ. ಅವರು ಮೂರು ವರದಿ ಕಳಿಸಿದರು.

“ಮನೆ ಬಂತಾ?” ಎಂದು ಯಜಮಾನರು ಕೇಳಿದರು.

“ಇಲ್ಲಾರೀ, ಇನ್ನೂ ದೂರ ಇದೆ.”

“ಹಾಗಾದ್ರೆ ಸರಿ” ಎಂದು ಅವರು ಮತ್ತೆ ಕಿಟಕಿಯತ್ತ ತಿರುಗಿದರು.

ವಸುಧಾ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ, “ಹಾಸಿಗೆ ಬೇರೆಯವರಿಗೆ ಕೊಡಿ” ಎಂದರು. ಮುಂದಿನ ಸ್ಕ್ಯಾನ್ ತೆರೆದರು. ಆಗ ನನಗೆ ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಲೈನ್ ನಿಂತಿತ್ತು. ಅಷ್ಟು ಸಾಕಿತ್ತು.

ಡಬ್ಬಿಯ ಬುಡದಲ್ಲಿ ಬಣ್ಣ ಹಚ್ಚಬಾರದೆಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಉಜ್ಜುವಾಗ ಅದೂ ಬೆಳ್ಳಿ ಬಣ್ಣದಡಿಯಿಂದ ಎದ್ದುಬಂತು. ಉಪಕರಣ ಕೂರಿಸಿದರಷ್ಟೇ ಕೆಲಸ ಮುಗಿಯುವುದಿಲ್ಲ. ಸುತ್ತಲಿನವರು ಅದನ್ನು ಹೇಗೆ ಆದರಿಸುತ್ತಾರೆ ಎಂಬುದನ್ನೂ ತಿಳಿದಿರಬೇಕೆಂದು ಅಲ್ಲಿ ಕಲಿತೆ. ಈಗಲೂ ಅಲ್ಲೇ ಇದ್ದೇನೆ. ಪ್ರತಿ ವರ್ಷ ಆಯುಧಪೂಜೆಗೆ ಬಣ್ಣದ ಡಬ್ಬ ತೆರೆಯುವ ಮೊದಲೇ ಏಣಿ ಹತ್ತಿ, ಶೆಡ್ಡಿನಲ್ಲಿರುವ ಪ್ರತಿ ಆಂಟೆನಾಕ್ಕೂ ಅರಿಶಿನ ಕುಂಕುಮ ಇಟ್ಟು ಒಂದು ಹೂವು ಏರಿಸಿ ಬರುತ್ತೇನೆ. ಪೂಜೆ ಆದದ್ದರ ಮೇಲೆ ಮಾದಪ್ಪಣ್ಣ ಬ್ರಷ್ ಇಡುವುದಿಲ್ಲ.